ಹಮಾಲನ ತಲೆ ಮೇಲಿನ ಚೀಲ

ಪುರಸಭೆಯ ಶಿಲ್ಪಸ್ಪರ್ಧೆಯಲ್ಲಿ ಮೌನೇಶಾಚಾರಿ ಕೆತ್ತಿದ ಹಮಾಲನಿಗೆ ಮೊದಲ ಬಹುಮಾನ ಬಂತು. ಹುರಿಮೀಸೆ, ತಲೆ ಮೇಲೆ ದೊಡ್ಡ ಚೀಲ. ಬಸ್ ನಿಲ್ದಾಣದ ಮುಂದೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಅಧ್ಯಕ್ಷ ಸಂಗನಗೌಡರು ತಮ್ಮ ಹುರಿಮೀಸೆ ತೀಡುತ್ತ ಅಪ್ಪಣೆ ಕೊಟ್ಟರು: "ಮುಖ ನಂದ ಇರಬೇಕು. ಇಲ್ಲಂದ್ರ ಮೂರ್ತಿನ ಬ್ಯಾಡ."

ಆಚಾರಿ ಉಳಿ ಕೆಳಗಿಟ್ಟ. ಪುರಸಭೆಯ ಗುಮಾಸ್ತ ಮಾತ್ರ ಕೈಮುಗಿದ.

"ಆಗ್ಲಿರಿ ಸಾಹೇಬ್ರ. ಆದ್ರ ಚೀಲ ಇಳಸಾಕ ಬರೂದಿಲ್ಲ, ಎಲ್ಲಾ ಒಂದ ಕಲ್ಲು. ಇಲೆಕ್ಷನ್ ಬ್ಯಾರೆ ಹತ್ರ ಐತಿ. 'ಗೌಡ್ರು ಚೀಲ ಹೊತ್ಕೊಂಡು ಎಲ್ಲಿಗೆ ಹೊಂಟಾರ, ಒಳಗೇನೈತಿ' ಅಂತ ಮಂದಿ ಕೇಳಿದ್ರ ಏನು ಹೇಳ್ಲಿರಿ?"

ಗೌಡರ ಕೈ ಮೀಸೆಯಿಂದ ಜಾರಿತು. ಚೀಲವನ್ನೂ ಅದರ ಕೆಳಗಿನ ಹುರಿಮೀಸೆಯನ್ನೂ ದಿಟ್ಟಿಸಿದರು.

"ಹಮಾಲನ ಮುಖಾನ ಇರ್ಲಿ ಬಿಡು."

ಆಚಾರಿಗೆ ಹೋದ ಜೀವ ಬಂತು.

ಉದ್ಘಾಟನೆಯ ದಿನ ಪರದೆ ಸರಿಯಿತು. ಹಮಾಲನಿಗೆ ಮೀಸೆ ಇತ್ತು. ಗೌಡರಿಗೆ ಇರಲಿಲ್ಲ.