ಸೌಟಿನ ಸದ್ದಿಗೆ ತೆರೆದ ಬಾಗಿಲು

ಹಂದರಗಿಯ ಬೀದಿಯಲ್ಲಿ ಡಂಗುರ ಬಿತ್ತು.

“ಕೇಳ್ರಪ್ಪೋ ಕೇಳ್ರಿ! ಊರ ಗೌಡಿಕಿ ಖಾಲಿ ಐತಿ. ದೊಡ್ಡ ಬೇನಿ ಬಂದಾಗ ಜನರ ಸೇವಾ ಮಾಡಿದವರು ಅರಮನಿಗೆ ಬರ್ರಿ. ರಾಣಿ ಚೆನ್ನಾಜಿಯವರು ಮೂರು ಒಗಟು ಹಾಕ್ತಾರ. ಒಡೆದವರಿಗೆ ಗೌಡಿಕಿ. ತಪ್ಪಿದವರ ತಲಿ ಹೋಗ್ತೈತಿ!”

ತಲೆಯ ಮಾತಿಗೆ ಯಾರೂ ಬೆಚ್ಚಲಿಲ್ಲ. ಹೋದ ವರ್ಷದ ಬೇನೆಯಲ್ಲಿ ಎಲ್ಲರ ಮನೆಯಿಂದಲೂ ಹೆಣ ಹೊರಟಿತ್ತು. ಅಳುವಷ್ಟನ್ನೂ ಅತ್ತು ಮುಗಿಸಿದ್ದ ಜನ ಡಂಗುರ ಕೇಳಿ, ಮತ್ತೆ ಜೋಳ ಬೀಸಲು ಕೂತರು.

ಹಾಗಂತ ಸೇವೆ ಮಾಡಿದವರಿಗೇನೂ ಬರವಿರಲಿಲ್ಲ. ಬೇನೆ ಬಂದಾಗ ದೀಪ ಹಿಡಿದು ಹುಡುಕಿದರೂ ಸಿಗದಿದ್ದ ಮಹನೀಯರೆಲ್ಲ ಅರಮನೆಯ ಮುಂದೆ ನೂಕಾಡುತ್ತಿದ್ದರು. ಅಂಗಳದಲ್ಲಿ ಕತ್ತಿ ಮಸೆಯುವುದು ಕಂಡ ಮೇಲೆ ಹೆಚ್ಚಿನವರಿಗೆ ಮನೆಯ ಕೆಲಸ ನೆನಪಾಯಿತು. ಉಳಿದವರು ದಳವಾಯಿಯ ಅಳಿಯ ಹಮ್ಮೀರ ಮತ್ತು ಸಾಹುಕಾರ ದುಂಡರಸ. ಇವರಿಬ್ಬರ ಹಿಂದೆ, ಕಂಬಳಿ ಹೊದ್ದ ಕುರಿ ಕಾಯುವ ಮೈಲಾರಿ.

ಮೈಲಾರಿಗೆ ಗೌಡಿಕೆ ಬೇಕಿರಲಿಲ್ಲ. ಬೇನೆಯಲ್ಲಿ ಸತ್ತವರನ್ನೆಲ್ಲ ಕೆರೆಯಾಚೆಯ ನೇರಲೆ ಹೊಲದಲ್ಲಿ ಹೂಳಿದ್ದರು. ಅವನ ಅವ್ವ, ತಂಗಿ ಇಬ್ಬರೂ ಅಲ್ಲೇ ಇದ್ದರು. ತಾನು ಗೌಡನಾದ ಮರುದಿನವೇ ಆ ಹೊಲ ಉತ್ತು ಕಬ್ಬು ಹಾಕುವುದಾಗಿ ದುಂಡರಸ ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ತಡೆಯಲು ಮೈಲಾರಿ ಬಂದಿದ್ದ. ತಲೆ ಹೋದೀತೆಂಬ ಭಯ ಅವನಿಗಿರಲಿಲ್ಲ. ಭಯವೇನು, ಅವ್ವ ಹೋದಾಗಿನಿಂದ ಅವನ ನಾಲಿಗೆಗೆ ಉಪ್ಪು ಹುಳಿಯೂ ತಿಳಿಯುತ್ತಿರಲಿಲ್ಲ.

ರಾಣಿ ಮೊದಲ ಒಗಟು ಹಾಕಿದಳು. “ತುಂಬಿದ್ದಾಗ ಹಗುರ. ಬರಿದಾದರೆ ಹೊರಲಾರದಷ್ಟು ಭಾರ. ಏನದು?”

“ಹೊಟ್ಟೆ, ಮಹಾತಾಯಿ! ಹಸಿದವರ ಹೊಟ್ಟೆ!” ಎಂದು ಹಮ್ಮೀರ ಎದೆ ಉಬ್ಬಿಸಿದ.

“ಹೊಟ್ಟೆಯನ್ನು ಯಾರೂ ತಲೆಯ ಮೇಲೆ ಹೊರಲಿಲ್ಲ, ಹಮ್ಮೀರ,” ಎಂದಳು ರಾಣಿ. ಭಟರು ಅವನನ್ನು ಕಂಬದ ಬಳಿ ಒಯ್ದು ನಿಲ್ಲಿಸಿದರು.

ದುಂಡರಸ ಚುರುಕು ಮನುಷ್ಯ. ತಲೆಯ ಮೇಲೆ ಹೊರುವಂಥದ್ದು ಎಂದು ಗೊತ್ತಾದದ್ದೇ ತಡ, “ಗಂಜಿ ಗಡಿಗೆ ತಾಯಿ! ನಾನೇ ಹೊತ್ತು ಮನೆಮನೆಗೆ ಹಂಚಿದ್ದೇನಲ್ಲ!” ಎಂದ. ಉತ್ತರ ಸರಿಯಿತ್ತು. ಮೈಲಾರಿ ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಹೊಲ ಹೋಯಿತು ಅಂದುಕೊಂಡ.

“ಹೆಸರು ಹಿಡಿದು ಕರೆದರೆ ತೆರೆಯದ ಬಾಗಿಲು ಯಾರ ದನಿಗೆ ತೆರೆಯಿತು?” ಇದು ಎರಡನೆಯದು.

“ನನ್ನ ದನಿಗೇ!” ದುಂಡರಸನ ಕಣ್ಣಲ್ಲಿ ನೀರೂ ಬಂತು. “ಬೇರೆಯವರು ಕರೆದರೆ ತೆರೆಯುತ್ತಿರಲಿಲ್ಲ. ನಾನು ‘ಗಿರಿಯವ್ವಾ, ಸೋಮವ್ವಾ’ ಅಂತ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದರೆ ಓಡಿ ಬಂದು ತೆರೆಯುತ್ತಿದ್ದರು.”

ತಲೆ ತಗ್ಗಿಸಿ ಕೂತಿದ್ದ ಜನ ಒಬ್ಬೊಬ್ಬರಾಗಿ ಮುಖ ಎತ್ತಿದರು. ಬೇನೆಯ ದಿನಗಳಲ್ಲಿ ಮಾರಿ ಬಾಗಿಲಿಗೆ ಬಂದು ಗುರುತಿನವರ ದನಿಯಲ್ಲಿ ಹೆಸರು ಕೂಗುತ್ತಾಳೆ, ಓಗೊಟ್ಟವರನ್ನು ಒಯ್ಯುತ್ತಾಳೆ ಎಂದು ಹಂದರಗಿ ನಂಬಿತ್ತು. ಆಗ ಹೆತ್ತ ತಾಯಿಯೂ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಲ್ಲಿ ಉಳಿದವರಿಗೆಲ್ಲ ಇದು ಗೊತ್ತಿತ್ತು. ಬೇನೆ ಬಂದಕೂಡಲೇ ಅರಮನೆಯವರ ಜೊತೆ ಬೆಟ್ಟದ ಕೋಟೆಗೆ ಓಡಿಹೋಗಿದ್ದ ದುಂಡರಸನಂಥವರಿಗೆ ಹೇಗೆ ಗೊತ್ತಾಗಬೇಕು?

ರಾಣಿ ಕೈಸನ್ನೆ ಮಾಡಿದಳು. ದುಂಡರಸನನ್ನೂ ಕಂಬದ ಬಳಿ ನಿಲ್ಲಿಸಿದರು.

“ನೀನು?” ಎಂದಳು ಮೈಲಾರಿಗೆ.

“ಸೌಟಿನ ದನಿಗೆ ತೆರೀತಿತ್ರಿ, ಅವ್ವಾರ. ಕರದ್ರ ಅಂಜತಿದ್ರು. ಅದಕ್ಕ ಗಡಿಗಿಗೆ ಸೌಟು ಬಡೀತಿದ್ದೆ. ಒಳಗಿಂದ ಬೋಗುಣಿ ಹೊರಗ ಬರತಿತ್ತು. ಮಾರಿ ಗಂಜಿ ತರೂದಿಲ್ಲಂತ ಅವರಿಗೆ ಗೊತ್ತಿತ್ತು.”

“ಮೊದಲನೆಯದು?”

“ಗಡಿಗೀನ ಖರೆ. ತುಂಬಿದಾಗ ಓಡತಿದ್ದೆ. ಅದು ಬರಿದಾದ ಮ್ಯಾಲೂ ಇನ್ನೂ ಮನಿ ಉಳೀತಿದ್ವು. ಆ ಮನಿ ಮುಂದಿಂದ ಬರಿಗಡಿಗಿ ಹೊತ್ತು ಹಾಯೂದು ಆಗತಿರಲಿಲ್ರಿ.” ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಬೇರೆ ಯಾರದೋ ಕತೆ ಹೇಳುವವನಂತೆ ನಿಂತಿದ್ದ.

ರಾಣಿ ಮೂರನೆಯದನ್ನು ಕೇಳಿದಳು. “ಮಾತಾಡುವವರು ಆಗ ನೋಡಲಿಲ್ಲ. ನೋಡಿದವರು ಈಗ ಮಾತಾಡುವುದಿಲ್ಲ. ಯಾರು ಅವರು, ಎಲ್ಲಿದ್ದಾರೆ?”

“ಮಾತಾಡೋರು ಇಲ್ಲೇ ಕಂಬದ ಹಂತ್ಯಾಕ ನಿಂತಾರ್ರಿ. ನೋಡಿದೋರು ನೇರಲೆ ಹೊಲದಾಗ ಅದಾರ. ನಾನಽ ಮಲಗಿಸಿ ಬಂದೀನಿ. ಅವರನ್ನ ಉಳಬ್ಯಾಡ್ರಿ.”

ರಾಣಿ ಸಿಂಹಾಸನದಿಂದ ಇಳಿದಳು. “ನನಗೆ ಹಾಲು ಕೊಟ್ಟು ಸಾಕಿದ ದಾದಿ ಬೇನೆ ಬಿದ್ದಳೆಂದು ನಾನು ಕೋಟೆಯಿಂದ ಕದ್ದು ಇಳಿದು ಬಂದಿದ್ದೆ. ಅಂಥ ಒಂದು ಬಾಗಿಲ ಹಿಂದೆ ಕೂತು ಸೌಟಿನ ಸದ್ದಿಗೆ ಕಾದಿದ್ದೆ. ಬೋಗುಣಿಗೆ ಗಂಜಿ ಹೊಯ್ಯುವ ಕೈ ಕಂಡಿದ್ದೆ, ಮುಖ ಕಂಡಿರಲಿಲ್ಲ. ಗೌಡಿಕೆಯ ರುಮಾಲು ನಿನ್ನದು, ಹೊಲ ಸತ್ತವರದು.” ಆಮೇಲೆ ಕಂಬದ ಕಡೆ ತಿರುಗಿ, “ಇವರ ತಲೆ ತೆಗೆಯಿರಿ,” ಎಂದಳು.

“ಬ್ಯಾಡ್ರಿ ಅವ್ವಾರ,” ಎಂದ ಮೈಲಾರಿ. “ಇನ್ನ ಕುಣಿ ತೋಡೂ ಕಸುವು ನನಗಿಲ್ಲ.”

ಆ ಸಭೆಯಲ್ಲಿ ಕುಣಿ ತೋಡಿದ ಕೈಗಳು ಬೇರೆಯೂ ಇದ್ದವು. ರಾಣಿ ಇಬ್ಬರನ್ನೂ ಬಿಡಿಸಿ, ಅದೇ ಹೊಲಕ್ಕೆ ಕಲ್ಲು ಹೊತ್ತು ಬೇಲಿ ಕಟ್ಟಿರೆಂದು ಕಳಿಸಿದಳು.

ರುಮಾಲು ಸುತ್ತಿಕೊಂಡ ಮೈಲಾರಿ ತನ್ನ ಓಣಿಗೆ ಬಂದ. ಆಗ ಒಂದು ಬಾಗಿಲಲ್ಲಿ ಠಣ್ ಠಣ್ ಎಂದು ಸದ್ದಾಯಿತು. ಮುದುಕಿ ಗಿರಿಯವ್ವ ಗಡಿಗೆಗೆ ಸೌಟು ಬಡಿಯುತ್ತಿದ್ದಳು. “ಗಂಜಿ ಕಾಸೀನಿ. ಕುಂಡ್ರಪ್ಪಾ, ಉಣ್ಣು,” ಎಂದಳು.

ಮೈಲಾರಿ ಹೊಸ್ತಿಲ ಮೇಲೆ ಕೂತು ಒಂದು ಗುಟುಕು ಕುಡಿದ. ಕುಡಿದು ಬೋಗುಣಿಯನ್ನೇ ನೋಡುತ್ತ ಕೂತ.

“ಯಾಕೋ ತಮ್ಮಾ?”

“ಉಪ್ಪು ಕಮ್ಮಿ ಐತಿ, ಯವ್ವಾ,” ಎಂದ. ಎಂದವನು ಹೋದ ವರ್ಷ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅಲ್ಲೇ ಕೂತು ಅತ್ತ.