ಸೋಮಾಚಾರಿಯ ಭಾರದ ಸುತ್ತಿಗೆ

ಬಾ, ಈ ಕಡೆ ಮಗ್ಗುಲಾಗು. ಅಜ್ಜೀ, ನಿನ್ನ ಕೈ ಯಾಕೆ ನಡುಗುತ್ತೆ ಅಂತ ಆಗಿಂದ ಕೇಳ್ತಿದ್ದೀಯಲ್ಲ, ವಯಸ್ಸಾದ ಕೈ ಕಂದಾ, ನಡುಗದೆ ಇನ್ನೇನು ಮಾಡುತ್ತೆ? ನಿನ್ನ ತಟ್ಟಿ ಮಲಗಿಸೋಕೂ ಆಗ್ತಿಲ್ಲ. ಅದಕ್ಕೇ ಕತೆ ಹೇಳ್ತೀನಿ, ನಡುವೆ ಬಾಯಿ ಹಾಕಬೇಡ.

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಒಂದು ಕೋಟೆ ಊರಲ್ಲಿ ಸೋಮಾಚಾರಿ ಅಂತ ಒಬ್ಬ ಕಮ್ಮಾರ ಇದ್ದನಂತೆ. ಅವನು ಮಾಡಿದ ಕತ್ತಿ ಅಂದ್ರೆ ಸೀಮೆಗೆಲ್ಲ ಹೆಸರುವಾಸಿ. ಅವನಿಗೆ ಮೂರು ಜನ ಹೆಣ್ಣುಮಕ್ಕಳು, ಕಾಳಮ್ಮ, ಮೋನಮ್ಮ, ಈರಮ್ಮ. ತಾಯಿ ಇಲ್ಲದ ಮಕ್ಕಳು, ಕುಲುಮೆ ಬೂದಿಯಲ್ಲೇ ಆಡಿ ಬೆಳೆದವರು.

ಅವರ ಕುಲುಮೇಲಿ ಒಂದು ಪದ್ಧತಿ ಇತ್ತಂತೆ. ಕಬ್ಬಿಣ ಕೆಂಪಗೆ ಕಾದಿರುವಾಗ ಯಾರೂ ಮಾತಾಡಬಾರದು. ಅಪ್ಪನ ಕೈಲಿ ಸಣ್ಣ ಸುತ್ತಿಗೆ, ಮಕ್ಕಳ ಕೈಲಿ ದೊಡ್ಡ ಸಮ್ಮಟಿಗೆ. ಅಪ್ಪ ಎಲ್ಲಿ ಮುಟ್ಟಿ ತೋರಿಸ್ತಾನೋ ಮಕ್ಕಳು ಅಲ್ಲಿಗೇ ಹೊಡೀಬೇಕು. ಅವನು ಕಬ್ಬಿಣ ಬಿಟ್ಟು, ಅದರ ಕೆಳಗಿರೋ ಬರೀ ಅಡಿಗಲ್ಲನ್ನ ಠಣ್ ಅಂತ ತಟ್ಟಿದ ಅಂದ್ರೆ ನಿಲ್ಲಿಸಿ ಅಂತ ಅರ್ಥ. ಎಷ್ಟು ಅಭ್ಯಾಸ ಅಂದ್ರೆ, ಆ ಸದ್ದು ಕೇಳಿದ್ರೆ ಸಾಕು, ಅವರ ಕೈ ತಾನಾಗೇ ನಿಂತುಬಿಡೋದಂತೆ.

ಆಮೇಲೆ ಸೋಮಾಚಾರಿಗೆ ವಯಸ್ಸಾಯ್ತು, ಬಲಗೈ ನಡುಗೋಕೆ ಶುರುವಾಯ್ತು. ಮನೆಯವರು ಎಷ್ಟು ಮುಚ್ಚಿಟ್ಟರೂ ಆ ಕೋಟೆ ಆಳೋ ಪಾಳೇಗಾರನ ಕಿವಿಗೆ ಬಿತ್ತು. ಅವನಿಗೋ ಮೂಗಿನ ತುದೀಲೇ ಕೋಪ. ಸೋಮಾಚಾರಿನ ಕರೆಸಿ, ಮೂರು ಕತ್ತಿಗಾಗೋ ಅಷ್ಟು ಉಕ್ಕು ಕೊಟ್ಟು, ಒಂದಾದ್ರೂ ಗಟ್ಟಿ ಕತ್ತಿ ಮಾಡ್ಕೊಂಡು ಬಾ, ಅಮಾವಾಸ್ಯೆ ದಿನ ಕಲ್ಲುಕಂಬಕ್ಕೆ ಹೊಡೆದು ನೋಡ್ತೀನಿ, ಮುರೀತೋ, ಆ ನಡುಗೋ ಕೈಯನ್ನೇ ಕಡಿಸಿಬಿಡ್ತೀನಿ ಅಂದನಂತೆ.

ಅಯ್ಯೋ, ಹಾಗೆ ಕಣ್ಣು ಅಗಲಿಸಬೇಡ. ಕಡೀತಾರೋ ಇಲ್ವೋ ಅಂತ ಈಗಲೇ ಹೇಳಿಬಿಟ್ರೆ ಕತೆ ಎಲ್ಲಿರುತ್ತೆ?

ದೊಡ್ಡವಳು ಕಾಳಮ್ಮ, ಪಾಪ ಅಪ್ಪನಿಗೆ ಸುತ್ತಿಗೆ ಭಾರ ಆಗ್ತಿರಬೇಕು ಅಂತ, ತಾನೇ ಹಗುರವಾದ ಹೊಸ ಸುತ್ತಿಗೆ ಬಡಿದು ಕೊಟ್ಟಳಂತೆ. ಅಪ್ಪ ಉಕ್ಕು ಕಾಯಿಸಿದ, ತೋರಿಸ್ತಾ ಹೋದ, ಮಕ್ಕಳು ಹೊಡೀತಾ ಹೋದ್ರು. ಕತ್ತಿ ಇನ್ನೇನು ರೂಪಕ್ಕೆ ಬರ್ತಿದೆ ಅನ್ನುವಾಗ ಅಪ್ಪನ ಕೈ ನಡುಗಿ, ಸುತ್ತಿಗೆ ಜಾರಿ ಅಡಿಗಲ್ಲಿಗೆ ಬಿತ್ತು, ಠಣ್! ಮಕ್ಕಳ ಕೈ ನಿಂತೇಹೋಯ್ತು. ಹೊಡೀರಿ, ಹೊಡೀರಿ ಅಂತ ಅಪ್ಪ ಕೂಗೋ ಹೊತ್ತಿಗೆ ಉಕ್ಕು ಆರಿ ಕಪ್ಪಾಗಿತ್ತಂತೆ. ಗಾಬರೀಲಿ ಅದರ ಮೇಲೇ ಏಟು ಹಾಕಿದ್ರು, ಉದ್ದಕ್ಕೂ ಬಿರುಕು ಬಿಡ್ತು.

ಆಮೇಲೆ ಮೋನಮ್ಮ ಆ ಸುತ್ತಿಗೆಗಿಂತ ಹಗುರದ್ದು ಮಾಡಿದಳಂತೆ, ಹಿಡಿಗೆ ಮೆತ್ತಗೆ ಬಟ್ಟೆ ಸುತ್ತಿ. ಈ ಸಲ ಕೈ ಇನ್ನೂ ಜಾಸ್ತಿ ನಡುಗ್ತು. ಮತ್ತೆ ಠಣ್, ಮತ್ತೆ ಬಿರುಕು.

ಉಳಿದದ್ದು ಒಂದೇ ಕತ್ತಿಯ ಉಕ್ಕು. ಅಮಾವಾಸ್ಯೆ ಬಾಗಿಲಿಗೇ ಬಂದಿತ್ತು. ಅಕ್ಕಂದಿರು ಅಳ್ತಾ, ಊರು ಬಿಟ್ಟು ಹೋಗೋಣ ಅಪ್ಪಾ ಅಂದ್ರೆ, ಅವನು ಕುಲುಮೆ ಬಿಟ್ಟು ಎಲ್ಲಿಗಮ್ಮಾ ಹೋಗ್ಲಿ ಅಂತ ಕೈಯನ್ನ ಪಂಚೆಯೊಳಗೆ ಮುಚ್ಚಿಕೊಂಡು ಕೂತನಂತೆ. ಚಿಕ್ಕವಳು ಈರಮ್ಮ ಕುಡಿಯೋಕೆ ಒಂದು ಲೋಟ ನೀರು ಕೊಟ್ಟಳು. ಲೋಟ ಗಡಗಡ ನಡುಗಿ ನೀರೆಲ್ಲ ಮೈಮೇಲೆ. ಅವನಿಗೆ ನಾಚಿಕೆ, ಸಿಟ್ಟು. ನಾನೇ ತಗೊಳ್ತೀನಿ ಬಿಡು ಅಂತ ಎದ್ದು, ತುಂಬಿದ ಕೊಡಾನೇ ಬಲಗೈಲಿ ಎತ್ತಿಬಿಟ್ಟ. ಒಂದು ಹನೀನೂ ತುಳುಕಲಿಲ್ಲವಂತೆ!

ಈರಮ್ಮ ನೋಡಿದಳು. ತಕ್ಷಣ ಹೋಗಿ ಕುಲುಮೆಗೆ ಗಾಳಿ ಊದೋ ತಿದಿ ಒತ್ತಿದಳು. ದಪ್ಪ ಕಬ್ಬಿಣದ ಗಟ್ಟಿ ಕಾಯಿಸಿ, ಬಡಿದು, ನಡುವೆ ಹಿಡಿಗೆ ತೂತು ಮಾಡಿ, ಏಟು ಬೀಳೋ ಎರಡು ತುದಿಗೆ ಮಾತ್ರ ಗಟ್ಟಿಯಾಗಲಿ ಅಂತ ನೀರು ಕುಡಿಸಿ, ಜಾಲಿ ಮರದ ಹಿಡಿ ಹಾಕಿದಳಂತೆ. ಅಪ್ಪನ ಹಳೇ ಸುತ್ತಿಗೆಗಿಂತ ದುಪ್ಪಟ್ಟು ಭಾರದ ಸುತ್ತಿಗೆ. ಅಕ್ಕಂದಿರು, ನಿನಗೇನು ತಲೆ ಕೆಟ್ಟಿದೆಯೇನೇ, ಅಪ್ಪನ ಕೈ ಇವತ್ತೇ ಬಿದ್ದುಹೋಗಲಿ ಅಂತಾನಾ ಅಂತ ಬೈದ್ರು. ಈರಮ್ಮನಿಗೂ ಒಳಗೊಳಗೇ ಭಯ. ತಪ್ಪಾಗಿದ್ರೆ ಅಪ್ಪನ ಕೈ ಹೋಗೋದು ತನ್ನಿಂದಲೇ ಅಲ್ವಾ?

ಉಕ್ಕು ಕೆಂಪಾಯ್ತು. ಅಪ್ಪ ಭಾರದ ಸುತ್ತಿಗೆ ಎತ್ತಿದ. ಕೈ ಒಂಚೂರು ಅದುರಿ ಹಾಗೇ ನಿಂತಿತಂತೆ. ಅವನು ತೋರಿಸ್ತಾ ಹೋದ, ಮಕ್ಕಳು ಉಸಿರು ಬಿಗಿ ಹಿಡಿದು ಹೊಡೀತಾ ಹೋದ್ರು, ಕತ್ತಿ ಉದ್ದವಾಯ್ತು, ತೆಳುವಾಯ್ತು. ಅಷ್ಟರಲ್ಲಿ, ಠಣ್! ಮೂರೂ ಜನರ ಸಮ್ಮಟಿಗೆ ನಿಂತುಹೋಯ್ತು. ಹೆದರಿ ಹೆದರಿ ತಲೆ ಎತ್ತಿದ್ರೆ ಅಪ್ಪ ನಗ್ತಿದ್ದಾನೆ. ಕತ್ತಿ ಆಗಿಹೋಗಿತ್ತು ಕಂದಾ, ಈ ಸಲ ಅವನೇ ಬೇಕು ಅಂತ ತಟ್ಟಿದ್ದು.

ಅಮಾವಾಸ್ಯೆ ದಿನ ಪಾಳೇಗಾರ ಕಲ್ಲುಕಂಬಕ್ಕೆ ಒಂದು ಸಲ ಹೊಡೆದ, ಎರಡು ಸಲ ಹೊಡೆದ, ಮೂರನೇ ಸಲ ಹಲ್ಲು ಕಚ್ಚಿ ಹೊಡೆದ. ಕಲ್ಲಿನ ಚಕ್ಕೆ ಹಾರಿತು, ಕತ್ತಿಗೆ ಏನೂ ಆಗಲಿಲ್ಲವಂತೆ. ಆಮೇಲೆ ಸೋಮಾಚಾರಿಯ ಆ ಕೈಗೆ ಅವನೇ ಬಂಗಾರದ ಕಡಗ ತೊಡಿಸಿದನಂತೆ. ಆಗಲೂ ಕೈ ನಡುಗ್ತಾನೇ ಇತ್ತು, ಆದ್ರೆ ಅದನ್ನ ಮುಚ್ಚಿಕೊಳ್ಳೋ ಕಷ್ಟ ಸೋಮಾಚಾರಿಗೆ ಮತ್ತೆ ಬರಲಿಲ್ಲ. ಮಕ್ಕಳ ಜೊತೆ ಕತ್ತಿ ಮಾಡ್ಕೊಂಡು ಸುಖವಾಗಿದ್ದನಂತೆ.

ಎಲ್ಲಿ, ನಿನ್ನ ತಲೆ ಎತ್ತು. ನನ್ನ ಅಂಗೈ ಮೇಲೆ ಇಡು, ಪೂರ್ತಿ ಭಾರ ಬಿಡು. ಈಗ ನೋಡು, ನಡುಗ್ತಿದೆಯಾ? ಇಲ್ವಲ್ಲ. ಹಾಗೇ ಇರು, ತೆಗೀಬೇಡ. ಕತೆ ಮಲಗ್ತು, ನೀನೂ ಮಲಗು.