ಮಾಳಿಗೆಯ ಮಣ್ಣು

"ಒಂದೇ ಒಂದು ಮಾತು, ಗುರುಗಳೇ. ಅಷ್ಟು ಸಣ್ಣ ಮಾತಿಗೆ ಯಾರಾದರೂ ಮನೆ ಬಿಟ್ಟು ಹೋಗುತ್ತಾರೆಯೇ?" ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಮಠದ ಶಿಷ್ಯ. ಊರಿಗೆ ಹೋಗಿದ್ದಾಗ, ಊಟಕ್ಕೆ ಕುಳಿತಿದ್ದ ತಮ್ಮನಿಗೆ "ಇಷ್ಟೂ ತಿಳಿಯಂಗಿಲ್ಲೇನು ನಿನಗ?" ಎಂದಿದ್ದ. ತಮ್ಮ ತಾಟು ಸರಿಸಿ ಎದ್ದು ಹೋದವನು ತಿರುಗಿ ಬರಲಿಲ್ಲ. ಮಳೆಗಾಲ ಕಳೆದರೂ ಸುದ್ದಿಯಿಲ್ಲ. ತಾಯಿ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ.

"ನಾನು ಹೊಡೆಯಲಿಲ್ಲ, ಹೊರಗೆ ಹಾಕಲಿಲ್ಲ. ತಂದೆಯಿಲ್ಲದ ಹುಡುಗ ದಾರಿ ತಪ್ಪಬಾರದೆಂದು ಚಿಕ್ಕಂದಿನಿಂದ ಒಂದೊಂದನ್ನೂ ತಿದ್ದಿ ಹೇಳಿ ಬೆಳೆಸಿದೆ. ಆ ದಿನ ಆಡಿದ್ದು ಅದೊಂದೇ ಮಾತು."

"ಮಾತನ್ನು ಅಳೆದುಕೊಂಡೇ ಬಂದಿದ್ದೀಯ," ಎಂದರು ಗುರುಗಳು. "ಹಾಗಾದರೆ ಅಳತೆಯ ಕತೆಯನ್ನೇ ಕೇಳು."

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅಲ್ಲಿಯವು ಕಲ್ಲುಗೋಡೆಯ ಮನೆಗಳು. ಮೇಲೆ ಮರದ ತೊಲೆ, ತೊಲೆಯ ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊತ್ತು ಹಾಕುವುದು ಆ ಊರಿನ ಪದ್ಧತಿ. ಹಳೆಯ ಮಣ್ಣನ್ನು ಯಾರೂ ಇಳಿಸುತ್ತಿರಲಿಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಮಾಳಿಗೆ ದಪ್ಪವಿದ್ದಷ್ಟೂ ಮನೆತನಕ್ಕೆ ಹೆಚ್ಚು ಮರ್ಯಾದೆ ಎಂದು ಆ ಜನ ತಿಳಿದಿದ್ದರು. ಹೊತ್ತುಕೊಂಡದ್ದನ್ನೇ ಮರ್ಯಾದೆ ಎಂದುಕೊಳ್ಳುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಗಾಣಿಗನಿಗೆ ನೀಲವ್ವ ಎಂಬ ಒಬ್ಬಳೇ ಮಗಳು. ತಾಯಿಯಿಲ್ಲದ ಕೂಸು. ಒಂದು ಮಳೆಗಾಲ ಅವಳ ಹಾಸಿಗೆಯ ಮೇಲೆ ನಾಲ್ಕು ಹನಿ ಸೋರಿತು, ಅವಳಿಗೆ ಕೆಮ್ಮು ಬಂತು. ಆ ವರ್ಷದಿಂದ ಗಾಣಿಗ ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತ. ಮತ್ತೆ ಒಂದು ಹನಿಯೂ ಸೋರಲಿಲ್ಲ. ಬೇಸಿಗೆಯಲ್ಲಿ ಅವನ ಮನೆ ಊರಿಗೆಲ್ಲ ತಂಪು.

ಒಂದು ಮಧ್ಯಾಹ್ನ ಬಿಸಿಲು ಹೆಚ್ಚಾಗಿತ್ತು. ಅಂಗಳದಲ್ಲಿ ಆಡುತ್ತಿದ್ದ ನೀಲವ್ವನನ್ನು ಅವನೇ ಕರೆದು ಒಳಗೆ ತಂಪಿನಲ್ಲಿ ಮಲಗಿಸಿ ಗಾಣದ ಕಡೆ ಹೋದ. ಆಗ ನೆಲ ನಡುಗಿತು. ಗಾಣದ ಎತ್ತು ನಿಂತಿತು, ಅಷ್ಟೆ. ಅವನು ತಿರುಗಿ ನೋಡುವಷ್ಟರಲ್ಲಿ ಅವನ ಮಾಳಿಗೆ ಕೆಳಗೆ ಕುಳಿತಿತ್ತು. ಪಕ್ಕದಲ್ಲಿ ಬುಟ್ಟಿ ಹೆಣೆಯುವವಳದೊಂದು ಬಿದಿರು ತಡಿಕೆಯ ಗುಡಿಸಲಿತ್ತು. ಅಲ್ಲಿ ನೆಲುವಿನಲ್ಲಿ ತೂಗುಹಾಕಿದ್ದ ಮಜ್ಜಿಗೆ ಗಡಿಗೆ ತುಸು ತುಳುಕಿತ್ತು.

ಊರೆಲ್ಲ ಸೇರಿ ಮಣ್ಣು ತೋಡಿದರು. ನೀಲವ್ವ ಉಳಿಯಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಗಾಣಿಗ ಒಂದೇ ಮಾತು ಹೇಳುತ್ತಿದ್ದ: ಅಂಥ ಭೂಕಂಪ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ, ಅಷ್ಟು ದೊಡ್ಡದರ ಮುಂದೆ ಮನುಷ್ಯನ ಕೈಯಲ್ಲಿ ಏನಿದೆ? ಬಂದವರು ಹೌದೆನ್ನುತ್ತಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಅವನು ಬದುಕಿದ್ದ.

ಕೆಲವು ದಿನಗಳ ಮೇಲೆ ಭೂಕಂಪ ಅಳೆಯುವವನೊಬ್ಬ ಆ ಊರಿಗೆ ಬಂದ. ಅವನ ಹತ್ತಿರ ಎರಡು ಅಳತೆಗಳಿದ್ದವು. ನೆಲದೊಳಗೆ ಬಂಡೆ ಸರಿದಾಗ ಎಷ್ಟು ಶಕ್ತಿ ಹೊರಬಿತ್ತು ಎಂಬುದು ಒಂದು. ಅದು ಯಂತ್ರದ ಮುಳ್ಳು ಬರೆದ ಗೆರೆಯಿಂದ ತಿಳಿಯುತ್ತದೆ; ಇಡೀ ಭೂಕಂಪಕ್ಕೆ ಒಂದೇ ಅಂಕಿ. ಆ ನಡುಕ ಯಾವ ಊರಿನಲ್ಲಿ ಏನು ಮಾಡಿತು ಎಂಬುದು ಇನ್ನೊಂದು. ಅದು ಮನೆಮನೆಗೆ ಹೋಗಿ, ಗಡಿಗೆ ತುಳುಕಿತೇ, ಗೋಡೆ ಸೀಳಿತೇ ಎಂದು ಕೇಳಿದರೇ ತಿಳಿಯುವುದು. ಅಂಕಿ ಸಣ್ಣದಿದ್ದೂ ಆ ಊರಿನಲ್ಲಿ ಮನೆ ಬಿದ್ದದ್ದೇಕೆ ಎಂದು ನೋಡಲು ಅವನು ಬಂದಿದ್ದ.

ಗಾಣಿಗ ಬುಟ್ಟಿಯಲ್ಲಿ ಮಣ್ಣು ತುಂಬಿ ಹೊರಗೆ ಸುರಿಯುತ್ತಿದ್ದ. ಬಂದವನನ್ನು ನೋಡಿ ಕೇಳಿದ: "ಭಾಳ ದೊಡ್ಡದಿತ್ತಲ್ರೀ ಸಾಹೇಬ್ರ?"

ಅಳೆಯುವವನು ಕೆಟ್ಟವನಲ್ಲ. ಆದರೆ ತಿಳಿದದ್ದನ್ನು ಯಾರಾದರೂ ಕೇಳಿದರೆ ಅವನಿಗೆ ಎಲ್ಲಿಲ್ಲದ ಹುರುಪು. "ಅಂಕಿ ಒಂದು ಏರಿದರೆ ಶಕ್ತಿ ಮೂವತ್ತೆರಡು ಪಟ್ಟು ಏರುತ್ತದೆ, ಯಜಮಾನರೇ. ಆರರ ಭೂಕಂಪ ನಿಮ್ಮ ಈ ಒಂದು ಬುಟ್ಟಿ ಎನ್ನಿ. ಏಳರದು ಮೂವತ್ತೆರಡು ಬುಟ್ಟಿ. ಎಂಟರದು ಸಾವಿರ. ಎಂಟರದೂ ಆಗಿವೆ."

"ನಮ್ಮದು?"

"ನಿಮ್ಮದು ಆರೂ ಇಲ್ಲ. ಒಂದು ಬುಟ್ಟಿಯೂ ತುಂಬಲಿಕ್ಕಿಲ್ಲ."

ಗಾಣಿಗ ಕೈಯಲ್ಲಿದ್ದ ಬುಟ್ಟಿಯನ್ನು ನೋಡಿದ. ಅವನು ವರ್ಷವರ್ಷವೂ ಮಾಳಿಗೆಗೆ ಮಣ್ಣು ಹೊತ್ತದ್ದು ಅದೇ ಬುಟ್ಟಿಯಲ್ಲಿ.

"ಹಂಗಾದ್ರ ಭೂಮಿತಾಯಿದು ಒಂದ ಬುಟ್ಟಿ," ಎಂದ. "ನನ್ನ ಮಗಳ ಮ್ಯಾಲ ಬಿದ್ದ ಉಳಿದ ಬುಟ್ಟಿ ಯಾರವ್ರೀ?"

ಅಳೆಯುವವನಿಗೆ ಉತ್ತರ ಗೊತ್ತಿತ್ತು. ಅದನ್ನು ಹುಡುಕಿಕೊಂಡೇ ಅವನು ಬಂದಿದ್ದ. ದೊಡ್ಡದಿತ್ತು ಎಂದು ಒಂದು ಮಾತು ಹೇಳಿ ಹೋಗಿದ್ದರೆ ಆಗುತ್ತಿತ್ತಲ್ಲ ಎಂದು ಅವನಿಗೆ ಈಗ ಅನ್ನಿಸಿತು. ಬುಟ್ಟಿಗೆ ಇನ್ನೊಂದು ಕಡೆಯಿಂದ ಕೈ ಕೊಟ್ಟು, ಸಂಜೆಯವರೆಗೆ ಅವನ ಜೊತೆ ಮಣ್ಣು ಹೊತ್ತು ಹಾಕಿದ.

ಮರುವರ್ಷ ಮಳೆಗೆ ಮುಂಚೆ ಊರವರು ಮಾಳಿಗೆಗೆ ಮಣ್ಣು ಏರಿಸತೊಡಗಿದರು. ಗಾಣಿಗ ಅದೇ ಬುಟ್ಟಿ ಹಿಡಿದು ಮಕ್ಕಳಿರುವ ಮನೆಗಳ ಬಾಗಿಲಿಗೆ ಹೋದ. "ಒಂದ ಬುಟ್ಟಿ ಇಳಸ್ತೀನ್ರಿ," ಎಂದ. ತಲೆ ಕೆಟ್ಟಿದೆ ಎಂದು ಕೆಲವರು ಬೈದು ಕಳಿಸಿದರು. ಕೆಲವರು ಪಾಪವೆಂದು ಏಣಿ ಕೊಟ್ಟರು. ಏಣಿ ಕೊಟ್ಟಲ್ಲಿ ಅವನು ಹತ್ತಿ ಇಳಿಸಿದ.

ಕತೆ ಅಲ್ಲಿಗೆ ನಿಂತಿತು. ಸಂಗಯ್ಯನ ಕಣ್ಣು ತುಂಬಿತ್ತು.

"ಪಾಪ ಗುರುಗಳೇ," ಎಂದ. "ಅವನು ಮಣ್ಣು ಹೊತ್ತದ್ದು ಮಗಳಿಗಾಗಿಯೇ ಅಲ್ಲವೇ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಹೌದು ಸಂಗಯ್ಯ, ನೀನು ಹೊತ್ತದ್ದೂ ತಮ್ಮನಿಗಾಗಿಯೇ."